ರಿವೈಂಡಿಂಗ್ ಮಾಡ್ಸಿದ್ರೂ 7.5 ಎಚ್‌ಪಿ ಮೋಟ್ರು ಕಾಯ್ತೈತೆ, ಲೋಡ್ ಹಾಕಿದ್ರೆ ಎಳೀತಿಲ್ಲ

ಗಿರಣಿ_ದಾವಣಗೆರೆ:
ಎಲ್ರಿಗೂ ನಮಸ್ಕಾರ. ದಾವಣಗೆರೆಲಿ ನಮ್ದೊಂದು ಖಾರದಪುಡಿ ಗಿರಣಿ ಐತೆ. 7.5 ಎಚ್‌ಪಿ ತ್ರೀ ಫೇಸ್ ಮೋಟ್ರು, ಪ್ಲೇಟ್ ಮೇಲೆ 415 ವೋಲ್ಟ್, 11 ಆಂಪ್ಸ್, 1440 ಆರ್‌ಪಿಎಂ ಅಂತ ಬರ್ದೈತೆ, ಸ್ಟಾರ್-ಡೆಲ್ಟಾ ಸ್ಟಾರ್ಟರ್ (ಮೊದ್ಲು ಸ್ಟಾರ್ ಜೋಡಣೆಲಿ ಕಡಿಮೆ ವೋಲ್ಟಲ್ಲಿ ಎಬ್ಬಿಸಿ, ಆಮೇಲೆ ಪೂರ್ತಿ ವೋಲ್ಟಿನ ಡೆಲ್ಟಾಕ್ಕೆ ದಾಟಿಸೋದು). ಯುಗಾದಿಗೆ ಮುಂಚೆ ಓವರ್‌ಲೋಡ್ (ಕರೆಂಟ್ ಜಾಸ್ತಿ ಆದ್ರೆ ಮೋಟ್ರು ನಿಲ್ಲಿಸೋ ರಿಲೇ) ಪದೇ ಪದೇ ಟ್ರಿಪ್ ಆಗ್ತಿತ್ತು, ಎಲೆಕ್ಟ್ರಿಷಿಯನ್ ಬಂದು ಏನೋ ತಿರುವಿ ಹೋದ, ಟ್ರಿಪ್ ಆಗೋದು ನಿಂತ್ತು, ಎರಡು ವಾರಕ್ಕೆ ವೈಂಡಿಂಗೇ ಸುಟ್ಟು ಕರಕಲು. ರಿವೈಂಡಿಂಗ್ ಮಾಡ್ಸಿ ಕೂರ್ಸಿದ್ವಿ. ಈಗ ಖಾಲಿ ಬಿಟ್ರೆ ಸುಯ್ಯಂತ ಓಡ್ತೈತೆ, ಮೆಣಸಿನಕಾಯಿ ಬಿಟ್ಟ ತಕ್ಷಣ ಗೊಂಯ್ ಅಂತ ಕೂಗ್ತಾ ಸ್ಪೀಡ್ ಇಳಿತೈತೆ, ಹತ್ತು ನಿಮಿಷಕ್ಕೆ ಬಾಡಿ ಮೇಲೆ ಕೈ ಇಡಂಗಿಲ್ಲ. ವೈಂಡಿಂಗ್‌ನೋನು ನಂದೇನ್ ತಪ್ಪಿಲ್ಲ ಅಂತಾನೆ, ಜನ ಮೆಣಸಿನಕಾಯಿ ಡಬ್ಬಿ ಇಟ್ಟು ಹೋಗ್ಯಾರೆ, ಏನ್ ಮಾಡ್ಲಿ?

ಪವರ್_ಪುಟ್ಟ:
ಕೆಪಾಸಿಟರ್ ವೀಕ್ ಆಗಿರ್ತೈತೆ ಬ್ರೋ, ಚೇಂಜ್ ಮಾಡ್ಸು.

ವೈಂಡಿಂಗ್_ಮಾವ:
ಪುಟ್ಟಾ, ಅದು ತ್ರೀ ಫೇಸು, ಕೆಪಾಸಿಟರ್ ಎಲ್ಲಿಂದ ತರ್ತೀಯಪ್ಪ. ಮನೆ ಗ್ರೈಂಡರ್‌ಗೆ ಬರೋದು ಒಂದೇ ಫೇಸು, ಅದಕ್ಕೆ ಸುತ್ತೋ ಫೀಲ್ಡ್ (ಮ್ಯಾಗ್ನೆಟ್ ಸೆಳೆತ) ತಾನಾಗೇ ಹುಟ್ಟಲ್ಲ ಅಂತ ಕೆಪಾಸಿಟರ್ ಕೊಟ್ಟು ಹುಟ್ಟಿಸ್ತಾರೆ. ಮೂರು ಫೇಸ್ ಇದ್ರೆ ಅವೇ ಒಂದಾದ್ಮೇಲೊಂದು ಏರಿಳಿದು ಫೀಲ್ಡ್‌ನ ಸುತ್ತಿಸ್ತವೆ.

ಗಿರಣಿಯೋರೇ, ಏನೂ ಬಿಚ್ಚಬ್ಯಾಡ್ರಿ. ಮೂರು ಹೇಳ್ರಿ ಸಾಕು: ಲೋಡಲ್ಲಿ ಮೇನ್ ಕೇಬಲ್ ಮೇಲೆ ಕ್ಲಾಂಪ್ ಮೀಟರ್ (ವೈರ್ ಸುತ್ತ ಹಿಡಿದು ಆಂಪ್ಸ್ ಅಳೆಯೋದು) ಎಷ್ಟು ತೋರಿಸ್ತೈತೆ, ಓವರ್‌ಲೋಡ್ ಡಯಲ್ ಎಷ್ಟಕ್ಕೈತೆ, ಸ್ಟಾರ್ಟ್ ಒತ್ತಿದ್ಮೇಲೆ ಸ್ಟಾರ್ಟರ್ ಡಬ್ಬಿಯೊಳಗೆ ಎಷ್ಟು ಸಲ ಟಕ್ ಅಂತೈತೆ.

ಕೋಟೆ_ಹುಡುಗ:
ನಾನು ಚಿತ್ರದುರ್ಗದ ಕಡೆಯೋನು. ನಮ್ ಬೋರಿನ ಮೋಟ್ರು ಒಂದು ಫ್ಯೂಸ್ ಹೋದ್ರೆ ಹಿಂಗೇ ಗೊಂಯ್ ಅಂತೈತೆ, ಇದೂ ಅದೇ ಅಲ್ವಾ ಮಾವ?

ವೈಂಡಿಂಗ್_ಮಾವ:
ಅದು ಬ್ಯಾರೆ. ಒಂದು ಫೇಸ್ ಹೋದ್ರೆ ಫೀಲ್ಡ್ ಸುತ್ತಲ್ಲ, ನಿಂತ ಜಾಗದಲ್ಲೇ ಮಿಡಿತೈತೆ, ನಿಂತಿರೋ ಮೋಟ್ರು ಏಳೋದೇ ಇಲ್ಲ. ಇವ್ರದು ಖಾಲಿ ಆರಾಮಾಗಿ ಏಳ್ತೈತಲ್ಲ.

ಗಿರಣಿ_ದಾವಣಗೆರೆ:
ಮಾವ, ಮೂರೂ ಫೇಸಲ್ಲಿ 10.5 ಆಂಪ್ಸ್ ಹತ್ರ, ಪ್ಲೇಟ್‌ಗಿಂತ ಕಡಿಮೆನೇ ಐತೆ, ಆದ್ರೂ ಯಾಕ್ ಕಾಯ್ತೈತೋ ಗೊತ್ತಾಗ್ತಿಲ್ಲ. ಓವರ್‌ಲೋಡ್ 11ಕ್ಕೈತೆ, ಎಲೆಕ್ಟ್ರಿಷಿಯನ್ ಪ್ಲೇಟ್ ನೋಡೇ ಇಟ್ಟಿದ್ದ, ಅದಕ್ಕೆ ಮುಂಚೆ 6.5ರ ಹತ್ರ ಇತ್ತು ಅನ್ಸುತ್ತೆ. ಟಕ್ ಒಂದೇ ಸಲ. ಹೌದಲ್ಲ, ಮೊದ್ಲು ಏಳೆಂಟು ಸೆಕೆಂಡ್ ಬಿಟ್ಟು ಇನ್ನೊಂದು ಸಲ ಟಕಟಕ ಅಂತಿತ್ತು!

ವೈಂಡಿಂಗ್_ಮಾವ:
ಸಿಕ್ತು. ನಿಮ್ ಮೋಟ್ರು ಸ್ಟಾರಲ್ಲೇ ಉಳ್ಕೊಂಡೈತೆ, ಡೆಲ್ಟಾಕ್ಕೆ ಹೋಗ್ತಾನೇ ಇಲ್ಲ.

ಸ್ವಲ್ಪ ಉದ್ದ ಆಗ್ತೈತೆ, ಓದ್ರಿ. ನಿಮ್ದು ನಾಕು ಪೋಲ್ ಮೋಟ್ರು, ಅಂದ್ರೆ ಫೀಲ್ಡ್‌ಗೆ ನಾಕು ಮ್ಯಾಗ್ನೆಟ್ ತುದಿ. ನಮ್ ಕರೆಂಟು 50 ಹರ್ಟ್ಜ್, 120 ಇಂಟು 50 ಭಾಗಿಸು 4, ಸ್ಟೇಟರ್ (ಹೊರಗಿನ ನಿಂತಿರೋ ಭಾಗ) ಫೀಲ್ಡು ನಿಮಿಷಕ್ಕೆ 1500 ಸುತ್ತು ಸುತ್ತುತೈತೆ. ಒಳಗಿನ ರೋಟರ್‌ಗೆ ಒಂದು ವೈರೂ ಹೋಗಲ್ಲ, ಅಲ್ಯೂಮಿನಿಯಂ ಸರಳು, ಎರಡೂ ತುದಿಗೆ ಬಳೆ, ಅಷ್ಟೇ. ಫೀಲ್ಡ್ ಸರಳುಗಳನ್ನ ದಾಟ್ಕೊಂಡು ಹೋಗುವಾಗ ಅದರಲ್ಲಿ ಕರೆಂಟ್ ಹುಟ್ಟುತೈತೆ, ಆ ಕರೆಂಟಿಗೇ ಫೀಲ್ಡು ರೋಟರ್‌ನ ಎಳ್ಕೊಂಡು ಹೋಗ್ತೈತೆ. ರೋಟರೂ 1500 ಮುಟ್ಟಿದ್ರೆ ದಾಟೋದೇ ಇಲ್ಲ, ಕರೆಂಟಿಲ್ಲ, ಎಳೆತ ಇಲ್ಲ. ಅದಕ್ಕೇ ಪ್ಲೇಟಲ್ಲಿ 1440, ಆ 60ರ ಹಿನ್ನಡೆಗೆ ಸ್ಲಿಪ್ ಅಂತೀವಿ. ಲೋಡ್ ಏರಿದಷ್ಟೂ ಹಿಂದೆ ಬೀಳ್ತೈತೆ.

ಈಗ ಸ್ಟಾರ್ ಯಾಕಪ್ಪ ಅಂದ್ರೆ, 7.5 ಎಚ್‌ಪಿನ ನೇರ ಡೆಲ್ಟಾಲಿ ಎಬ್ಬಿಸಿದ್ರೆ ಆರೇಳು ಪಟ್ಟು, ಅಂದ್ರೆ 70 ಆಂಪ್ಸ್ ಹತ್ರ ಎಳಿತೈತೆ, ಓಣಿ ಲೈಟೆಲ್ಲ ಡಿಮ್ಮು, ಪಕ್ಕದ ಮನೆಯೋರು ಬಾಗ್ಲಿಗೇ ಬರ್ತಾರೆ. ಸ್ಟಾರಲ್ಲಿ ಒಂದೊಂದು ವೈಂಡಿಂಗ್‌ಗೆ 415 ಬದ್ಲು 240 ವೋಲ್ಟ್ ಮಾತ್ರ, ಲೈನ್ ಕರೆಂಟು ಮೂರರಲ್ಲೊಂದು ಪಾಲು, ಆದ್ರೆ ಎಳೆಯೋ ತಾಕತ್ತೂ ಮೂರರಲ್ಲೊಂದೇ. ಏಳೋದಕ್ಕೆ ಸಾಕು, ಖಾರ ಕುಟ್ಟೋಕೆ ಸಾಲಲ್ಲ.

ಇನ್ನು ನಿಮ್ಮ 10.5. ಡೆಲ್ಟಾಲಿ ಕೇಬಲ್ ಮೇಲೆ 11 ಇದ್ರೆ ವೈಂಡಿಂಗೊಳಗೆ ಹರಿಯೋದು 11ನ್ನ 1.73ರಿಂದ ಭಾಗಿಸಿದಷ್ಟು, 6.4 ಅಷ್ಟೇ. ಸ್ಟಾರಲ್ಲಿ ಕೇಬಲ್ಲಿನ 10.5 ಪೂರ್ತಿ ವೈಂಡಿಂಗೊಳಗೇ ಹೋಗ್ತೈತೆ. ಬಿಸಿ ಏರೋದು ಕರೆಂಟಿನ ವರ್ಗಕ್ಕೆ ತಕ್ಕಂಗೆ, ಅಂದ್ರೆ ತಾಮ್ರದಲ್ಲಿ ಎರಡೂವರೆ ಪಟ್ಟಿಗಿಂತ ಜಾಸ್ತಿ ಬಿಸಿ. ಓವರ್‌ಲೋಡ್ ಮೇನ್ ಕಾಂಟ್ಯಾಕ್ಟರ್ (ಕರೆಂಟ್ ಕೊಟ್ರೆ ಮ್ಯಾಗ್ನೆಟ್ ಎಳ್ದು ಹಿಡಿಯೋ ಸ್ವಿಚ್ಚು) ಕೆಳಗೆ ಕೂತಿದ್ರೆ ಅದು ನೋಡೋದು ಈ ಒಳಗಿನ ಕರೆಂಟ್‌ನ, 6.4ಕ್ಕೇ ಇರಬೇಕು. ಪಾಪ ಅದು ಸರಿಯಾಗೇ ಟ್ರಿಪ್ ಆಗ್ತಿತ್ತು, ನೀವು ಅದರ ಬಾಯಿ ಮುಚ್ಚಿಸಿದ್ರಿ. ವೈಂಡಿಂಗ್‌ನೋನ್ದು ತಪ್ಪಿಲ್ಲ.

ಮೇನ್ ತೆಗೀರಿ, ಟೆಸ್ಟರ್ ಇಟ್ಟು ಮೂರೂ ಫೇಸ್ ಸತ್ತೈತಾ ನೋಡಿ ಆಮೇಲೆ ಡಬ್ಬಿ ತೆಗೀರಿ. ಸ್ಟಾರ್ ಕಾಂಟ್ಯಾಕ್ಟರ್ ಒಳಕ್ಕೆ ಒತ್ಕೊಂಡೇ ಇದ್ರೆ ಅದೇ ಕಳ್ಳ. ಅದು ಬಿಡೋವರೆಗೂ ಡೆಲ್ಟಾ ಹಿಡಿಯಬಾರ್ದು ಅಂತ ಇಂಟರ್‌ಲಾಕ್ ಇರ್ತೈತೆ, ಇಲ್ದಿದ್ರೆ ಡೈರೆಕ್ಟ್ ಶಾರ್ಟು. ಅದು ಹೊರಗೆ ಬಂದಿದ್ರೆ ಟೈಮರ್ ನೋಡೋಣ.

ಪವರ್_ಪುಟ್ಟ:
ಇದೆಲ್ಲ ಬಿಟ್ಟು ಡ್ರೈವ್ ಹಾಕ್ಸಿದ್ರೆ?

ವೈಂಡಿಂಗ್_ಮಾವ:
ಫ್ಯಾಕ್ಟರಿ ಪಂಪು, ಬ್ಲೋವರ್‌ಗೆ ಚೆನ್ನಾಗೈತೆ, ಫ್ರೀಕ್ವೆನ್ಸಿ, ವೋಲ್ಟೇಜ್ ಎರಡೂ ಮೆಲ್ಲಗೆ ಏರಿಸ್ತೈತೆ, ಸ್ಪೀಡೂ ಬೇಕಾದಂಗೆ ಇಟ್ಕೊಬೋದು. ಒಂದೇ ಸ್ಪೀಡಲ್ಲಿ ಖಾರ ಕುಟ್ಟೋ ಗಿರಣಿಗೆ, ಅದೂ ಈ ಧೂಳಲ್ಲಿ, ನಾನಂತೂ ಹೇಳಲ್ಲ.

ಗಿರಣಿ_ದಾವಣಗೆರೆ:
ಮಾವ, ಸ್ಟಾರ್ ಕಾಂಟ್ಯಾಕ್ಟರ್ ಒಳಗೇ ಕಚ್ಕೊಂಡಿತ್ತು! ಬಿಚ್ಚಿ ನೋಡಿದ್ರೆ ಮ್ಯಾಗ್ನೆಟ್ ಮುಖದ ಮೇಲೆ ಖಾರದಪುಡಿ ಎಣ್ಣೆ ಕುಡಿದು ಕೆಂಪು ಅಂಟಿನಂಗೆ ಆಗಿತ್ತು, ಉಗುರಲ್ಲಿ ಕೆರೆದ್ರೆ ಬರ್ತಿತ್ತು, ಆ ಕೈಲೇ ಕಣ್ಣು ಒರೆಸ್ಕೊಂಡೆ, ಅದನ್ನ ಕೇಳಬ್ಯಾಡ್ರಿ. ಒಳಗಿನ ಪಾಯಿಂಟೂ ಕಪ್ಪಾಗಿದ್ವು, ಹೊಸ ಕಾಂಟ್ಯಾಕ್ಟರೇ ಹಾಕ್ಸಿದೆ. ಓವರ್‌ಲೋಡ್ 6.4ಕ್ಕೆ ತಂದೆ. ಈಗ ಎಂಟನೇ ಸೆಕೆಂಡಿಗೆ ಟಕಟಕ ಅಂತೈತೆ, ಅಷ್ಟೇ ಮೆಣಸಿನಕಾಯಿಗೆ ಕೇಬಲ್ ಮೇಲೆ 9.5, ಒಂದು ಗಂಟೆ ಓಡ್ಸಿದ್ಮೇಲೂ ಬಾಡಿ ಮೇಲೆ ಕೈ ಇಡಬೋದು. ಸ್ಟಾರ್ಟರ್ ಡಬ್ಬಿನ ಗೋಡೆ ಆಚೆ ಕಡೆಗೆ ಸಾಗಿಸ್ಬೇಕು ಅಂತಿದೀನಿ, ಕೇಬಲ್ ಆರು ಅಡಿ ಜಾಸ್ತಿ ಆದ್ರೆ ಏನೂ ತೊಂದ್ರೆ ಇಲ್ಲ ಅಲ್ವಾ?

ವೈಂಡಿಂಗ್_ಮಾವ:
ಏನೂ ಇಲ್ಲ. ಮೋಟ್ರಿಗೆ ಹೋಗೋ ವೈರ್ ಆರೂ ಹಳೇ ಸೈಜಲ್ಲೇ ಎಳಸ್ರಿ, ಜಾಯಿಂಟ್ ಹಾಕಬ್ಯಾಡ್ರಿ, ಡಬ್ಬಿಗೆ ವೈರ್ ಹೋಗೋ ತೂತಿಗೆ ಗ್ಲ್ಯಾಂಡ್ (ಧೂಳು ಒಳಗೆ ಹೋಗದಂಗೆ ವೈರ್ ಸುತ್ತ ಬಿಗಿಯೋದು) ಹಾಕ್ಸ್ರಿ. ಆ ಎಲೆಕ್ಟ್ರಿಷಿಯನ್‌ಗೂ 6.4ರ ಲೆಕ್ಕ ಒಂದ್ಸಲ ಹೇಳ್ರಿ.