‘ಪರಂಗಿಮಲೈ’: ಕನ್ನಡದ ‘ಪರಂಗಿ’ ಯಾರಿಗೆಲ್ಲ ಸಲ್ಲುತ್ತಿತ್ತು?

ಮಾನ್ಯರೆ,

ಚೆನ್ನೈನ ಸಂತ ತೋಮಸರ ಬೆಟ್ಟದ ಚರಿತ್ರೆಯನ್ನು ಕುರಿತು ಕನ್ನಡದಲ್ಲಿ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ತಮಿಳರು ಈ ಬೆಟ್ಟವನ್ನು ‘ಪರಂಗಿಮಲೈ’ ಎಂದು ಕರೆಯುತ್ತಾರೆ. ಇದರಲ್ಲಿರುವ ‘ಪರಂಗಿ’ ನಮ್ಮಲ್ಲಿಯೂ ಬಳಕೆಯಲ್ಲಿರುವ ಮಾತು. ಹಳೆಯ ಕನ್ನಡ ಬರಹಗಳಲ್ಲಿ ಅದು ಪೋರ್ಚುಗೀಸರಿಗಷ್ಟೇ ಸಲ್ಲುತ್ತಿತ್ತೇ ಅಥವಾ ಕಡಲಾಚೆಯಿಂದ ಬಂದ ಕ್ರೈಸ್ತರೆಲ್ಲರಿಗೂ ಸಲ್ಲುತ್ತಿತ್ತೇ, ಅದರಲ್ಲಿ ತಿರಸ್ಕಾರದ ಧ್ವನಿ ಇತ್ತೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಈ ಪ್ರಶ್ನೆ ಏಳುವುದಕ್ಕೆ ಬೆಟ್ಟದ ಚರಿತ್ರೆಯೇ ಕಾರಣ. ಪ್ರೇಷಿತ ತೋಮಸರು ಕ್ರಿ.ಶ. 72ರಲ್ಲಿ ಇಲ್ಲಿ ಹುತಾತ್ಮರಾದರೆಂಬುದು ಭಕ್ತರ ಪರಂಪರಾಗತ ನಂಬಿಕೆ. ಪೋರ್ಚುಗೀಸರು ಮೈಲಾಪುರದಲ್ಲಿ ನೆಲೆಯೂರಿದ ಮೇಲೆ ಬೆಟ್ಟದ ತುದಿಯಲ್ಲಿ ಕನ್ಯಾಮಾತೆಯ ಹೆಸರಿನಲ್ಲಿ ದೇವಾಲಯವನ್ನು ಕಟ್ಟಿದರು. 1547ರಲ್ಲಿ ಅಡಿಪಾಯ ಅಗೆಯುವಾಗ ಕಲ್ಲಿನಲ್ಲಿ ಕೆತ್ತಿದ ಶಿಲುಬೆಯೊಂದು ದೊರೆಯಿತು. 1558ರ ಡಿಸೆಂಬರ್ 18ರಂದು ಪೂಜೆ ನಡೆಯುತ್ತಿದ್ದಾಗ ಆ ಕಲ್ಲು ರಕ್ತ ಬೆವರಿತೆಂದು ಹೇಳಲಾಗುತ್ತದೆ. ಇಂದಿಗೂ ಅಲ್ಲಿನ ಮುಖ್ಯ ಹಬ್ಬ ಅದೇ ದಿನ ಬರುತ್ತದೆ. ಬೆಟ್ಟವನ್ನೇರುವ ಮೆಟ್ಟಿಲುಗಳನ್ನು 18ನೆಯ ಶತಮಾನದಲ್ಲಿ ಕಟ್ಟಿಸಿದವರು ಕೋಜಾ ಪೆಟ್ರುಸ್ ಉಸ್ಕಾನ್ ಎಂಬ ಅರ್ಮೇನಿಯನ್ ವರ್ತಕರು.

ಬಲಿಪೀಠದ ಹಿಂದಿನ ಗೋಡೆಯಲ್ಲಿರುವ ಆ ಶಿಲುಬೆಯನ್ನು ಗಮನವಿಟ್ಟು ನೋಡಬೇಕು. ಅದರ ನಾಲ್ಕು ತುದಿಗಳೂ ಮೊಗ್ಗಿನಂತೆ ಅರಳಿವೆ, ಬುಡದಲ್ಲಿ ಎಲೆಗಳ ಕೆತ್ತನೆಯಿದೆ, ಮೇಲಿನಿಂದ ಪಾರಿವಾಳವೊಂದು ಕೊಕ್ಕು ಕೆಳಗೆ ಮಾಡಿ ಇಳಿಯುತ್ತಿದೆ, ಇವೆಲ್ಲವನ್ನೂ ಸುತ್ತುವರಿದ ಕಮಾನಿನ ಮೇಲೆ ಅಕ್ಷರಗಳ ಒಂದು ಸಾಲಿದೆ. ಆ ಅಕ್ಷರಗಳು ತಮಿಳಿನವಲ್ಲ, ಲ್ಯಾಟಿನ್ನಿನವೂ ಅಲ್ಲ. ಪರ್ಷಿಯಾದ ಪಹ್ಲವಿ ಲಿಪಿಯವು. ಇದನ್ನು ಗುರುತಿಸಿ ವಿವರಿಸಿದ ಎ. ಸಿ. ಬರ್ನೆಲ್ ಅವರ ಕಿರುಹೊತ್ತಿಗೆ 1873ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಎಂಬುದನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯಬಹುದು. ಈ ಶಿಲುಬೆ ಪೋರ್ಚುಗೀಸರು ಭಾರತಕ್ಕೆ ಬರುವುದಕ್ಕಿಂತ ಹಲವು ಶತಮಾನ ಹಿಂದಿನದು. ಹೀಗೆ ಶಿಲುಬೆ ಪರ್ಷಿಯಾದ ಸಂಪರ್ಕವಿದ್ದ ಕ್ರೈಸ್ತರದು, ದೇವಾಲಯ ಪೋರ್ಚುಗೀಸರದು, ಮೆಟ್ಟಿಲು ಅರ್ಮೇನಿಯನ್ನರದು ಆಗಿರುವಾಗ ಬೆಟ್ಟದ ಹೆಸರಿನ ‘ಪರಂಗಿ’ ಇವರಲ್ಲಿ ಯಾರನ್ನು ಸೂಚಿಸುತ್ತದೆ ಎಂದು ಕೇಳದೆ ಮುಂದಕ್ಕೆ ಹೋಗಲು ನನಗೆ ಮನಸ್ಸಾಗಲಿಲ್ಲ.

ವ್ಯುತ್ಪತ್ತಿಯ ಬಗ್ಗೆ ಎರಡು ಅಭಿಪ್ರಾಯಗಳಿವೆ. ‘ಫ್ರಾಂಕ್’ ಎಂಬ ಜನಾಂಗದ ಹೆಸರು ಅರಬ್ಬಿ ಮತ್ತು ಪಾರಸಿಗಳ ಮೂಲಕ ‘ಫರಂಗಿ’ಯಾಗಿ ಬಂದು ತಮಿಳಿನಲ್ಲಿ ‘ಪರಂಗಿ’ಯಾಯಿತು ಎಂಬುದು ಒಂದು. ಭೃಂಗಿ ಮಹರ್ಷಿ ಅಲ್ಲಿ ತಪಸ್ಸು ಮಾಡಿದ್ದರಿಂದ ಅದು ಮೂಲತಃ ಭೃಂಗಿಯ ಬೆಟ್ಟ ಎಂಬುದು ಸ್ಥಳೀಯ ಐತಿಹ್ಯ. ತಮಿಳು ಲಿಪಿಯಲ್ಲಿ ಪ, ಫ, ಬ, ಭ ಎಲ್ಲಕ್ಕೂ ಒಂದೇ ಅಕ್ಷರ ಇರುವುದರಿಂದ ಮೊದಲ ವ್ಯಂಜನವನ್ನು ನೋಡಿ ಏನನ್ನೂ ತೀರ್ಮಾನಿಸಲಾಗದು. ಆದರೆ ಸ್ವರ ಬೇರೆಯೇ ಮಾತು ಹೇಳುತ್ತದೆ. ‘ಭೃಂಗಿ’ಯನ್ನು ತಮಿಳರು ‘ಪಿರುಂಗಿ’ ಎಂದು ಬರೆಯುತ್ತಾರೆ. ಅದು ‘ಪರಂಗಿ’ಯಾಗಲು ಎರಡು ಸ್ವರಗಳು ಬದಲಾಗಬೇಕು. ಆದ್ದರಿಂದ ಐತಿಹ್ಯವನ್ನು ಗೌರವದಿಂದ ದಾಖಲಿಸಿದರೂ, ಪದದ ಮೂಲ ‘ಫರಂಗಿ’ಯೇ ಎಂದು ನಾನು ತಿಳಿದಿದ್ದೇನೆ.

ಧ್ವನ್ಯರ್ಥದ ವಿಷಯ ಇನ್ನೂ ಸೂಕ್ಷ್ಮ. 1606ರಲ್ಲಿ ಮಧುರೆಗೆ ಬಂದ ಇಟಲಿಯ ಯೇಸುಸಭೆಯ ಪಾದ್ರಿ ರಾಬರ್ಟೋ ದೆ ನೊಬಿಲಿ ಸಂನ್ಯಾಸಿಯ ವೇಷ ಧರಿಸಿ, ತಾವು ಪರಂಗಿಯಲ್ಲ ಎಂದು ಬಹಿರಂಗವಾಗಿ ಸಾರಿದರು. ಅಲ್ಲಿನ ಜನರ ಬಾಯಲ್ಲಿ ‘ಪರಂಗಿ’ ಎಂದರೆ ಪೋರ್ಚುಗೀಸರೂ ಅವರ ಮತಕ್ಕೆ ಸೇರಿದವರೂ ಆಗಿದ್ದು, ಗೋಮಾಂಸ ತಿನ್ನುವವರು, ಮದ್ಯ ಕುಡಿಯುವವರು, ಆಚಾರವಿಲ್ಲದವರು ಎಂಬ ಹೀನಾರ್ಥ ಅದಕ್ಕೆ ಅಂಟಿಕೊಂಡಿತ್ತು. 17ನೆಯ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನನ್ನು ಆರಂಭಿಸಿದ, ಕನ್ನಡವನ್ನು ಕಲಿತು ಅದರ ವ್ಯಾಕರಣವನ್ನೂ ಬರೆದ ಲಿಯೊನಾರ್ಡೊ ಚಿನ್ನಾಮಿಯವರೂ ಇದೇ ಸಂನ್ಯಾಸಿ ಮಾರ್ಗವನ್ನು ಅನುಸರಿಸಿದರು. ಹಾಗಾದರೆ ಕನ್ನಡ ಸೀಮೆಯಲ್ಲಿಯೂ ಆ ಪದಕ್ಕೆ ಇದೇ ಹೀನಾರ್ಥವಿದ್ದಿರಬೇಕೆಂದು ಊಹಿಸುವುದು ಸಹಜ. ಆದರೆ ಊಹೆಯ ಮೇಲೆ ಅರ್ಥನಿರ್ಣಯ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಇಂದಿನ ಕನ್ನಡದಲ್ಲಿ ಪದ ಹಲವು ದಾರಿ ಹಿಡಿದಿದೆ. ‘ಪರಂಗಿ ಹಣ್ಣು’ ನಮಗೆ ಪಪ್ಪಾಯಿ. ತಮಿಳರ ‘ಪರಂಗಿಕ್ಕಾಯ್’ ಕುಂಬಳದ ಜಾತಿಯದು. ಎರಡೂ ಅಮೆರಿಕ ಖಂಡದಿಂದ ಬಂದ ಬೆಳೆಗಳಾದ್ದರಿಂದ ವಿಶೇಷಣ ಎರಡಕ್ಕೂ ಒಪ್ಪುತ್ತದೆ. ನೇತ್ರಾವತಿ ದಂಡೆಯ ಫರಂಗಿಪೇಟೆಯಲ್ಲಿ ಪದವು ಊರಿನ ಹೆಸರಾಗಿ ಉಳಿದಿದೆ. ಅಲ್ಲಿಯೂ ಮೊಂತೆ ಮರಿಯಾನೊ ಎಂಬ ಹಳೆಯ ಇಗರ್ಜಿಯಿದ್ದು, ‘ಮೊಂತೆ’ ಎಂದರೆ ಬೆಟ್ಟವೇ. ‘ಫಿರಂಗಿ’ಯಂತೂ ತೋಪಿಗೆ ಮೀಸಲಾಗಿದೆ. ಈ ಕಾರಣದಿಂದಲೇ ‘ಫಿರಂಗಿ ಬೆಟ್ಟ’ ಎಂದು ಅನುವಾದಿಸುವುದನ್ನು ನಾನು ಒಪ್ಪಲಾರೆ: ಬ್ರಿಟಿಷರ ಕಾಲದಲ್ಲಿ ಮದರಾಸು ಸೇನೆಯ ತೋಪುದಳದ ಕೇಂದ್ರಸ್ಥಾನ ಇದೇ ಬೆಟ್ಟದ ತಪ್ಪಲಿನಲ್ಲಿದ್ದುದರಿಂದ, ಹೆಸರು ತೋಪಿನಿಂದಲೇ ಬಂತೆಂದು ಓದುಗರು ನಂಬಿಬಿಡುವ ಅಪಾಯವಿದೆ. ಸದ್ಯಕ್ಕೆ ‘ಪರಂಗಿಮಲೈ’ ಎಂದೇ ಉಳಿಸಿಕೊಂಡು, ಮೊದಲ ಬಾರಿ ಬಂದಾಗ ‘ಸಂತ ತೋಮಸರ ಬೆಟ್ಟ’ ಎಂದು ಜೊತೆಯಲ್ಲಿ ಬರೆಯುತ್ತಿದ್ದೇನೆ.

ಕಡತ, ಬಖೈರು, ಲಾವಣಿ ಅಥವಾ ಕರಾವಳಿಯ ಮಾತಿನಲ್ಲಿ ‘ಪರಂಗಿ’ಯು ಮನುಷ್ಯರನ್ನು ಕುರಿತು ಬಳಕೆಯಾದ, ಅದರಲ್ಲಿಯೂ ಅರ್ಮೇನಿಯನ್ನರಿಗೋ ಸಿರಿಯನ್ ಕ್ರೈಸ್ತರಿಗೋ ಅನ್ವಯವಾದ ಪ್ರಯೋಗ ಯಾರ ಗಮನಕ್ಕಾದರೂ ಬಂದಿದ್ದರೆ, ಪೂರ್ಣ ವಾಕ್ಯವನ್ನೂ ಅದರ ಕಾಲವನ್ನೂ ದಯವಿಟ್ಟು ತಿಳಿಸಿ.