ಒಂದೇ ಸರ್ವರ್, ಮೂರು ಓಎಸ್: ಸ್ಟ್ಯಾಕ್ ಲಿಮಿಟ್ ಹೇಗೆ ನಿಭಾಯಿಸುತ್ತೀರಿ?

ಪ್ರಶ್ನೆ: ನಮ್ಮ ಸಿ++ ಸರ್ವರ್ ಲಿನಕ್ಸ್‌ನಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಈಗ ಮ್ಯಾಕ್, ವಿಂಡೋಸ್‌ಗೂ ಬಿಲ್ಡ್ ಮಾಡುತ್ತಿದ್ದೇವೆ. ಒಂದರೊಳಗೊಂದು ಹೆಣೆದ ಜೇಸನ್ (ಬ್ರ್ಯಾಕೆಟ್ ಹಾಕಿ ಬರೆದ ಡೇಟಾ) ಬಂದರೆ ಅಲ್ಲಿ ಮಾತ್ರ ಕ್ರ್ಯಾಶ್. ಸ್ಟ್ಯಾಕ್, ಅಂದರೆ ಫಂಕ್ಷನ್ ಕರೆಗಳಿಗೆ ಮೀಸಲಾದ ಮೆಮೊರಿ, ಜಾಸ್ತಿ ಕೊಟ್ಟರೆ ಸಾಕಾ? ಅನುಭವ ಇದ್ದವರು ಹೇಳಿ.

ಉತ್ತರ: ನಮಗೂ ಹೀಗೇ ಆಗಿತ್ತು, ಆಲ್ಪೈನ್ ಎಂಬ ಪುಟ್ಟ ಲಿನಕ್ಸ್‌ನ ಕಂಟೇನರ್‌ಗೆ ಹೋದ ದಿನ. ಲಾಗ್‌ನಲ್ಲಿ ಒಂದು ಸಾಲೂ ಇಲ್ಲ, ಪ್ರೊಸೆಸ್ ಸುಮ್ನೆ ಸಾಯುತ್ತಿತ್ತು. ಕೋರ್ ಡಂಪ್ (ಸತ್ತ ಕ್ಷಣದ ಮೆಮೊರಿಯ ಪ್ರತಿ) ತೆರೆದರೆ, ಜೇಸನ್ ಓದುವ ಪಾರ್ಸರ್ ಫಂಕ್ಷನ್ ತನ್ನನ್ನೇ ಮತ್ತೆ ಮತ್ತೆ ಕರೆದುಕೊಂಡಿತ್ತು, ಅದರೊಳಗೆ 64 ಕೆಬಿಯ ಲೋಕಲ್ ಬಫರ್. ಪ್ರತಿ ಕರೆಗೂ ಒಂದು ಬಫರ್, ಲೆಕ್ಕ ಹಾಕಿ ನೋಡಿ. ಜಿಲಿಬ್‌ಸಿ ಎಂಬ ಸಿ ಲೈಬ್ರರಿ ಇರುವ ಲಿನಕ್ಸ್‌ನಲ್ಲಿ ಥ್ರೆಡ್‌ಗೆ ಸಾಮಾನ್ಯವಾಗಿ 8 ಎಂಬಿ, ಅಂದರೆ ಹೆಚ್ಚೂಕಡಿಮೆ 128 ಹಂತ. ವಿಂಡೋಸ್‌ನಲ್ಲಿ 1 ಎಂಬಿ, 16 ಹಂತ. ಮ್ಯಾಕ್‌ನಲ್ಲಿ ಮುಖ್ಯ ಥ್ರೆಡ್ ಬಿಟ್ಟು ಉಳಿದವಕ್ಕೆ 512 ಕೆಬಿ, 8 ಹಂತ. ಆಲ್ಪೈನ್‌ನ ಸಿ ಲೈಬ್ರರಿ ಮಸಲ್‌ನಲ್ಲಿ 128 ಕೆಬಿ. ಎರಡನೇ ಹಂತದಲ್ಲೇ ಮುಗೀತು! ಬಫರನ್ನು ಸ್ಟ್ಯಾಕ್‌ನಿಂದ ತೆಗೆದು ಹೀಪ್‌ಗೆ (ಬೇಕಾದಾಗ ಕೇಳಿ ಪಡೆಯುವ ಮೆಮೊರಿಗೆ) ಹಾಕಿದೆವು. ಥ್ರೆಡ್ ಶುರು ಮಾಡುವಾಗ ಸ್ಟ್ಯಾಕ್ ಸೈಜನ್ನು ನಾವೇ ಕೊಟ್ಟೆವು, ಎಲ್ಲ ಓಎಸ್‌ಗೂ ಒಂದೇ. ಮುಖ್ಯ ಥ್ರೆಡ್‌ಗೆ ಹಾಗೆ ಕೊಡಲು ಬರುವುದಿಲ್ಲ, ಅದು ಯೂಲಿಮಿಟ್ (ಶೆಲ್‌ನಲ್ಲಿ ಇಡುವ ಮಿತಿ) ಅಥವಾ ಲಿಂಕರ್ (ಬಿಲ್ಡ್‌ನ ಕೊನೆಯಲ್ಲಿ ಓಡುವ ಟೂಲ್) ಕೈಯಲ್ಲಿ. ಹಾಗಾಗಿ ಭಾರದ ಕೆಲಸ ಯಾವತ್ತೂ ನಮ್ಮದೇ ಥ್ರೆಡ್‌ನಲ್ಲಿ.

ಇನ್ನೊಬ್ಬರು: ಸೈಜ್ ಕೊಟ್ಟ ಮೇಲೆ ರಿಟರ್ನ್ ವ್ಯಾಲ್ಯೂ ನೋಡಲು ಮರೆಯಬೇಡಿ. ಮ್ಯಾಕ್‌ನಲ್ಲಿ ಆ ಸೈಜ್ ಪೇಜ್ (ಓಎಸ್ ಮೆಮೊರಿ ಹಂಚುವ ತುಂಡು) ಸೈಜಿನಿಂದ ಪೂರ್ತಿ ಭಾಗವಾಗದಿದ್ದರೆ ಎರರ್ ಬರುತ್ತದೆ. ಆಪಲ್ ಸಿಲಿಕಾನ್‌ನಲ್ಲಿ ಪೇಜ್ 16 ಕೆಬಿ, 4 ಅಲ್ಲ. ವಿಂಡೋಸ್‌ನ ಕ್ರಿಯೇಟ್‌ಥ್ರೆಡ್‌ಗೆ ಕೊಡುವ ಸೈಜ್, ರಿಸರ್ವೇಶನ್ ಫ್ಲ್ಯಾಗ್ ಹಾಕದಿದ್ದರೆ ಕಮಿಟ್ ಸೈಜ್ ಆಗುತ್ತದೆ, ಅಂದರೆ ಅಷ್ಟೂ ಮೆಮೊರಿ ಮೊದಲೇ ಲೆಕ್ಕಕ್ಕೆ ಸೇರುತ್ತದೆ. ಸಾವಿರ ಥ್ರೆಡ್ ಇದ್ದರೆ ಇದು ಸಣ್ಣ ವಿಷಯ ಅಲ್ಲ.

ಪ್ರಶ್ನೆ ಕೇಳಿದವರು: ಹಾಗಾದರೆ ಎಲ್ಲ ಕಡೆ 64 ಎಂಬಿ ಕೊಟ್ಟುಬಿಡೋಣವಾ?

ಮತ್ತೊಬ್ಬರು: ಬೇಡ. ಇನ್‌ಪುಟ್ ಹೊರಗಿನಿಂದ ಬರುತ್ತದೆ ಅಲ್ವಾ? ಎಷ್ಟು ಕೊಟ್ಟರೂ ಅದಕ್ಕಿಂತ ಆಳದ್ದನ್ನು ಕಳಿಸುವವರು ಇರುತ್ತಾರೆ. ಆಳ ಎಣಿಸಿ, ಮಿತಿ ದಾಟಿದರೆ ಎರರ್ ಕಳಿಸಿ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಸ್ಟ್ಯಾಕ್ ಎಷ್ಟು ಖರ್ಚಾಯಿತು ಅಂತಲೇ ನೋಡುತ್ತದೆ, ಮಿತಿ ಮಾಮೂಲಿಗೆ 2 ಎಂಬಿ. ಓಎಸ್ ಕೊಟ್ಟಿದ್ದಕ್ಕಿಂತ ಸುಮಾರು 1 ಎಂಬಿ ಕಡಿಮೆ ಇಡಿ ಅಂತ ಅದರ ಕೈಪಿಡಿ ಹೇಳುತ್ತದೆ. ಕ್ವೆರಿ ಬೀಳುತ್ತದೆ, ಸರ್ವರ್ ಉಳಿಯುತ್ತದೆ.

ಗಾರ್ಡ್ ಪೇಜ್ (ಸ್ಟ್ಯಾಕ್ ಕೊನೆಯಲ್ಲಿರುವ, ಮುಟ್ಟಿದರೆ ಕ್ರ್ಯಾಶ್ ಆಗುವ ಪೇಜ್) ಇದೆ ಅಂತ ನಿಶ್ಚಿಂತೆ ಬೇಡ. ದೊಡ್ಡ ಫ್ರೇಮ್ (ಒಂದು ಕರೆ ಸ್ಟ್ಯಾಕ್‌ನಲ್ಲಿ ಹಿಡಿಯುವ ಜಾಗ) ಅದನ್ನು ಹಾರಿಕೊಂಡು ಬೇರೆ ಮೆಮೊರಿಗೆ ಬೀಳಬಹುದು. 2017ರ ಸ್ಟ್ಯಾಕ್ ಕ್ಲ್ಯಾಶ್ ಎಂಬ ಭದ್ರತಾ ದೋಷ ಇದೇ. ಜಿಸಿಸಿ ಕಂಪೈಲರ್‌ನ 8ನೇ ಆವೃತ್ತಿಯಿಂದ ಅದನ್ನು ತಡೆಯುವ ಫ್ಲ್ಯಾಗ್ ಇದೆ, ಹಾಕಿಕೊಳ್ಳಿ. ಸೆಗ್‌ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿದ ಕ್ರ್ಯಾಶ್) ಹ್ಯಾಂಡ್ಲರ್‌ನಲ್ಲಿ ಲಾಗ್ ಬರೆಯಬೇಕಾದರೆ ಅದಕ್ಕೆ ಬೇರೆ ಸ್ಟ್ಯಾಕ್ ಕೊಡಿ, ತುಂಬಿದ್ದರ ಮೇಲೆ ಅದು ಓಡುವುದಿಲ್ಲ.

ಮೊದಲು ಉತ್ತರಿಸಿದವರು: ಟೆಸ್ಟ್‌ನಲ್ಲಿ ಥ್ರೆಡ್ ಸ್ಟ್ಯಾಕನ್ನು ಬೇಕಂತಲೇ 128 ಕೆಬಿಗೆ ಇಳಿಸಿ, 1 ಲಕ್ಷ ತೆರೆದ ಬ್ರ್ಯಾಕೆಟ್ ಇರುವ ಜೇಸನ್ ಕಳಿಸಿ. ನಾವು ಪ್ರತಿ ಬಿಲ್ಡ್‌ಗೂ ಓಡಿಸುತ್ತೇವೆ.

ಪ್ರಶ್ನೆ ಕೇಳಿದವರು: ಓಡಿಸಿದೆ. ನಮ್ಮ ಪಾರ್ಸರ್‌ನಲ್ಲೂ 32 ಕೆಬಿ ಅರೇ ಸಿಕ್ಕಿತು. ಅದನ್ನು ಹೀಪ್‌ಗೆ ಹಾಕಿ, ಆಳಕ್ಕೆ 100ರ ಮಿತಿ ಇಟ್ಟ ಮೇಲೆ ಮೂರೂ ಕಡೆ ಎರರ್ ಸರಿಯಾಗಿ ವಾಪಸ್ ಬರುತ್ತಿದೆ.