ಪದಚರ್ಚೆ: ಫೆರೋಫ್ಲೂಯಿಡ್, ಎಂಆರ್ ಫ್ಲೂಯಿಡ್ – ಎರಡಕ್ಕೂ ‘ಕಾಂತದ್ರವ’ವೇ?

ಬಲ್ಲವರಿಗೆ ನಮಸ್ಕಾರ.

ಹೈಸ್ಕೂಲು ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ಕನ್ನಡ ಫಲಕಗಳನ್ನು ಬರೆದುಕೊಡುತ್ತಿದ್ದೇನೆ. ಒಂದು ಮೇಜಿನ ಮೇಲೆ ಎರಡು ಸೀಸೆಗಳಿವೆ. ಒಂದರಲ್ಲಿ ಫೆರೋಫ್ಲೂಯಿಡ್, ಇನ್ನೊಂದರಲ್ಲಿ ಮ್ಯಾಗ್ನೆಟೋರಿಯೊಲಾಜಿಕಲ್ ಫ್ಲೂಯಿಡ್, ಚಿಕ್ಕದಾಗಿ ಎಂಆರ್ ಫ್ಲೂಯಿಡ್. ನನ್ನ ಕೈಗೆ ಬಂದ ಕರಡಿನಲ್ಲಿ ಎರಡಕ್ಕೂ ‘ಕಾಂತದ್ರವ’ ಎಂದೇ ಇತ್ತು. ಸೀಸೆಗಳನ್ನು ಕಣ್ಣಾರೆ ನೋಡಿದ ಮೇಲೆ ಅದನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ.

ಫೆರೋಫ್ಲೂಯಿಡ್ ಕಾಡಿಗೆ ಕಲಸಿದ ಎಣ್ಣೆಯ ಹಾಗೆ ಕಡುಗಪ್ಪು. ತಟ್ಟೆಗೆ ಸುರಿದು ಕೆಳಗಿನಿಂದ ಅಯಸ್ಕಾಂತ ಹಿಡಿದರೆ ಮೈಯೆಲ್ಲ ಮುಳ್ಳೇಳುತ್ತದೆ. ‘ಹಲಸಿನಕಾಯಿ!’ ಎಂದಳು ಒಬ್ಬ ಹುಡುಗಿ. ಸರಿಯಾಗಿಯೇ ಹೇಳಿದಳು, ಒಂದು ಮುಳ್ಳಿನ ಸುತ್ತ ಆರು ಮುಳ್ಳು, ಥೇಟ್ ಹಲಸಿನ ಮೈ. ಆದರೆ ಕಡ್ಡಿಯಿಂದ ತಿವಿದರೆ ಕಡ್ಡಿ ಸಲೀಸಾಗಿ ಒಳಗಿಳಿಯುತ್ತದೆ. ಮುಳ್ಳೆದ್ದಾಗಲೂ ಅದು ದ್ರವವೇ.

ಎಂಆರ್ ಫ್ಲೂಯಿಡ್ ಬೂದುಬಣ್ಣದ್ದು. ನಾಲ್ಕು ದಿನ ಇಟ್ಟರೆ ಪುಡಿ ತಳ ಹಿಡಿಯುತ್ತದೆ, ಕದಡಿಕೊಳ್ಳಬೇಕು. ಅಯಸ್ಕಾಂತ ಹತ್ತಿರ ಬಂದರೆ ಒಳಗಿದ್ದ ಕಡ್ಡಿ ಅಲುಗುವುದೇ ಕಷ್ಟ, ದೂರ ಸರಿಸಿದರೆ ಮತ್ತೆ ಹರಿಯುತ್ತದೆ. ಒಂದು ಹರಿಯುತ್ತಲೇ ಇರುತ್ತದೆ, ಇನ್ನೊಂದು ನಿಂತುಬಿಡುತ್ತದೆ. ಇವೆರಡಕ್ಕೂ ಒಂದೇ ಹೆಸರಿಟ್ಟರೆ ಮಕ್ಕಳು ನೋಡಬೇಕಾದದ್ದನ್ನೇ ನಾವು ಮುಚ್ಚಿಟ್ಟಂತೆ.

ಎರಡೂ ಅಯಸ್ಕಾಂತ ಸೆಳೆಯುವಂಥ ಕಣಗಳನ್ನು ದ್ರವದಲ್ಲಿ ಕಲಸಿದ್ದೇ, ವ್ಯತ್ಯಾಸ ಮುಖ್ಯವಾಗಿ ಆ ಕಣದ ಗಾತ್ರದಲ್ಲಿದೆ. ಫೆರೋಫ್ಲೂಯಿಡ್‌ನ ಕಣ ಸುಮಾರು 10 ನ್ಯಾನೋಮೀಟರ್. ದ್ರವದ ಅಣುಗಳ ತಳ್ಳಾಟದಲ್ಲೇ ಅದು ತೇಲಿಕೊಂಡಿರುತ್ತದೆ, ಒಂದಕ್ಕೊಂದು ಅಂಟದಿರಲು ಓಲಿಕ್ ಆಮ್ಲದಂಥ ಲೇಪವಿರುತ್ತದೆ. ಪಠ್ಯಪುಸ್ತಕದ ಮಾತಿನಲ್ಲಿ ಇದು ಕಲಿಲ (ಕೊಲಾಯ್ಡ್). ಎಂಆರ್ ಫ್ಲೂಯಿಡ್‌ನ ಕಣ 1ರಿಂದ 10 ಮೈಕ್ರಾನ್, ಅಂದರೆ ನೂರರಿಂದ ಸಾವಿರ ಪಟ್ಟು ದಪ್ಪ. ಕಾಂತಕ್ಷೇತ್ರ ಬಿದ್ದೊಡನೆ ಕಣಗಳು ಕೈಕೈ ಹಿಡಿದು ಸರಪಳಿಯಾಗುತ್ತವೆ, ಹರಿವಿಗೆ ಅಡ್ಡ ನಿಲ್ಲುತ್ತವೆ.

ಹುಟ್ಟಿದ ಉದ್ದೇಶವೂ ಬೇರೆ. ಫೆರೋಫ್ಲೂಯಿಡ್ 1963ರಲ್ಲಿ ನಾಸಾದ ಸ್ಟೀವ್ ಪ್ಯಾಪೆಲ್ ಮಾಡಿದ್ದು, ತೂಕವಿಲ್ಲದ ಕಡೆ ರಾಕೆಟ್ ಇಂಧನವನ್ನು ಅಯಸ್ಕಾಂತದಿಂದ ಎಳೆದುಕೊಳ್ಳಲೆಂದು. ಎಂಆರ್ ಫ್ಲೂಯಿಡ್ ಅದಕ್ಕೂ ಹಳೆಯದು, 1940ರ ದಶಕದ ಕೊನೆಯಲ್ಲಿ ಅಮೆರಿಕದ ಇಂಜಿನಿಯರ್ ಜೇಕಬ್ ರಾಬಿನೋವ್ ಕ್ಲಚ್ಚಿಗಾಗಿ ರೂಪಿಸಿದ್ದು. 2002ರಿಂದ ಕಾರುಗಳ ಶಾಕ್ ಅಬ್ಸಾರ್ಬರಿನಲ್ಲೂ ಇದೆ.

ಇನ್ನು ಪದಕ್ಕೆ ಬರುತ್ತೇನೆ. ‘ಅಯಸ್ಕಾಂತ ದ್ರವ’ ಬೇಡ. ಅಯಸ್ಕಾಂತ ಸರಿಸಿದೊಡನೆ ಫೆರೋಫ್ಲೂಯಿಡ್‌ನ ಕಾಂತಗುಣ ಇಲ್ಲವಾಗುತ್ತದೆ, ಅದು ತಾನೇ ಅಯಸ್ಕಾಂತವಲ್ಲ. ‘ಲೋಹದ್ರವ’ ಎಂದರೆ ಪಾದರಸವೋ ಕರಗಿದ ಕಬ್ಬಿಣವೋ ನೆನಪಾಗುತ್ತದೆ. ಫೆರೋಫ್ಲೂಯಿಡ್‌ನ ಕಣಗಳು ಬಹುಮಟ್ಟಿಗೆ ಮ್ಯಾಗ್ನೆಟೈಟ್, ಕಬ್ಬಿಣದ ಆಕ್ಸೈಡು. ನಮ್ಮ ಕುದುರೆಮುಖದ ಅದಿರಿನಲ್ಲಿದ್ದದ್ದೂ ಅದೇ, ಸೂಜಿಗಲ್ಲೂ ಅದೇ ಖನಿಜ. ಹಾಗಾಗಿ ‘ಸೂಜಿಗಲ್ಲೆಣ್ಣೆ’ ಎಂದರೆ ಹೇಗೆ? ನನಗಂತೂ ತುಂಬ ಹಿಡಿಸಿದೆ. ನೀರಿನಲ್ಲಿ ಮಾಡಿದ ಫೆರೋಫ್ಲೂಯಿಡ್ ಕೂಡ ಉಂಟು ಎಂಬ ತಕರಾರು ಬರಬಹುದು. ಮೇಜಿನ ಮೇಲಿರುವುದು ಎಣ್ಣೆಯದ್ದೇ.

ಎಂಆರ್ ಫ್ಲೂಯಿಡ್‌ಗೆ ಕ್ರಿಯಾಪದ ಸಿಕ್ಕರೆ ಹೆಸರೂ ಸಿಗುತ್ತದೆ. ‘ಹೆಪ್ಪುಗಟ್ಟು’ ಕೂಡದು, ಮೊಸರು ಮತ್ತೆ ಹಾಲಾಗುವುದಿಲ್ಲ. ‘ಕಾಂತಬಿಗಿ ದ್ರವ’ ಬರೆದು ನೋಡಿದೆ, ಅರಿಸಮಾಸ ಕಿವಿಗೆ ಚುಚ್ಚಿತು. ‘ಸೆಟೆ’ ಹತ್ತಿರ ಬರುತ್ತದೆ: ಸೆಟೆದ ಮೈ ಸಡಿಲವೂ ಆದೀತು. ಸದ್ಯಕ್ಕೆ ‘ಸೆಟೆಯೆಣ್ಣೆ’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.

ಗ್ಯಾರೇಜಿನಲ್ಲೋ ಪ್ರಯೋಗಾಲಯದಲ್ಲೋ ಇದನ್ನು ಮುಟ್ಟಿ ಕೆಲಸ ಮಾಡಿದವರು ಇದ್ದರೆ ತಿಳಿಸಿ: ಅದು ಗಟ್ಟಿಯಾಗುವ ಆ ಗಳಿಗೆಗೆ ನಿಮ್ಮ ಬಾಯಲ್ಲಿ ಬರುವ ಮಾತು ಯಾವುದು? ಬಿಗಿಯಿತು, ಸೆಟೆಯಿತು, ಕಚ್ಚಿಕೊಂಡಿತು, ಇನ್ನೇನಾದರೂ?